ವಲ್ಲಿಯ ಕೆಳಗಿನ ತೂಕ

ನಮ್ಮ ಶಾಲೆಯಲ್ಲಿ ಸರ್ಕಾರದ ಆರೋಗ್ಯ ನೀತಿಯನ್ನು ಜಾರಿಗೆ ತಂದವನು ನಾನು. ಸರ್ಕಾರಕ್ಕೆ ಇದು ಇನ್ನೂ ಗೊತ್ತಿಲ್ಲ, ಅದು ಅವರ ದುರ್ದೈವ. ಹತ್ತನೆಯ ತರಗತಿಯಲ್ಲಿ ಓದುತ್ತ, ಮೀಸೆ ಇವತ್ತು ಮೂಡಲೋ ನಾಳೆ ಮೂಡಲೋ ಎಂದು ಕನ್ನಡಿಯ ಜೊತೆ ಮಾತುಕತೆ ನಡೆಸುವ ವಯಸ್ಸಿನಲ್ಲಿ ಇಡೀ ಶಾಲೆಯನ್ನು ತೂಗಿದವನು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮಕ್ಕಳು ದಪ್ಪಗಾಗುತ್ತಿದ್ದಾರೆ, ಈಗಲೇ ತಡೆಯಿರಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಮೊದಲನೆಯದಾಗಿ ಶಾಲೆಯೊಳಗೆ ಕರಿದ ತಿನಿಸು ಮಾರುವಂತಿಲ್ಲ. ಮರುದಿನವೇ ಮೆಣಸಿನಕಾಯಿ ಭಜಿ ಇರುತ್ತಿದ್ದ ತಟ್ಟೆಯಲ್ಲಿ ಕುದಿಸಿದ ಶೇಂಗಾ ಬಂದು ಕುಳಿತವು. ಗಿರಮಿಟ್ಟು ಕರಿದ ಪದಾರ್ಥವೋ ಅಲ್ಲವೋ ಎಂಬ ಬಗ್ಗೆ ಶಿಕ್ಷಕರ ಕೋಣೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಚರ್ಚೆಗೆ ಬೇಕಾದ ಗಿರಮಿಟ್ಟನ್ನು ದಿನವೂ ಹೊರಗಿನಿಂದ ತರಿಸಿ ಪರೀಕ್ಷಿಸಲಾಯಿತು. ಎರಡನೆಯದಾಗಿ ಸಕ್ಕರೆ ಬೋರ್ಡು. ಯಾವ ತಂಪು ಪಾನೀಯದಲ್ಲಿ ಎಷ್ಟು ಸಕ್ಕರೆ ಇರುತ್ತದೆ ಎಂದು ತೋರಿಸಲು ಸಣ್ಣ ಬಾಟಲಿಗಳಲ್ಲಿ ಅಷ್ಟಷ್ಟೇ ಸಕ್ಕರೆ ತುಂಬಿ ಹಲಗೆಗೆ ಕಟ್ಟಿ ಪಡಸಾಲೆಯಲ್ಲಿ ನೇತುಹಾಕಿದರು. ಅದನ್ನು ಅತ್ಯಂತ ಆಸಕ್ತಿಯಿಂದ ಓದಿದವು ಇರುವೆಗಳು. ಸಾಲುಗಟ್ಟಿ ಬಂದವು, ಶಿಸ್ತಿನಿಂದ ಬಂದವು, ನಾಲ್ಕು ದಿನದಲ್ಲಿ ದೊಡ್ಡ ಬಾಟಲಿ ಅರ್ಧವಾಯಿತು. ಆ ಪಾನೀಯದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ಸಣ್ಣ ತರಗತಿಯವರು ಖುಷಿಪಟ್ಟರು.

ಮೂರನೆಯದು ಎಲ್ಲರ ಎತ್ತರ, ತೂಕ ಅಳೆದು ಸರ್ಕಾರದ ಜಾಲತಾಣಕ್ಕೆ ಏರಿಸುವುದು. ವಯಸ್ಸಿಗೂ ಎತ್ತರಕ್ಕೂ ತೂಕ ಹೊಂದಿದರೆ ಹಸಿರು, ಸ್ವಲ್ಪ ಜಾಸ್ತಿಯಾದರೆ ಹಳದಿ, ಬಹಳವಾದರೆ ಕೆಂಪು. ಕೆಂಪು ಬಂದವರ ಪಾಲಕರನ್ನು ಕರೆಸಬೇಕು, ಆ ಮಕ್ಕಳಿಗೆ ಬೆಳಿಗ್ಗೆ ಬೇರೆಯಾಗಿ ವ್ಯಾಯಾಮ ಮಾಡಿಸಬೇಕು. ಈ ಕೆಲಸ ನಮ್ಮ ಪಿ.ಟಿ. ಸರ್ ತಲೆಗೆ ಬಂತು. ಸರ್ ಸೀಟಿ ಊದುವುದರಲ್ಲಿ ನಿಪುಣರು, ಅಂಕಿಗಳ ವಿಷಯದಲ್ಲಿ ಸ್ಕೋರು ಬರೆಯುವಷ್ಟು ಮಾತ್ರ ಧೈರ್ಯವಿದ್ದವರು. ಪ್ರಾರ್ಥನೆ ಮುಗಿದ ಮೇಲೆ ಅವರು ತೂಕ ಮಾಡಲು ಯಾರಿಗಾದರೂ ಬರುತ್ತದೆಯೇ ಎಂದು ಕೇಳಿದರು. ನಾನು ಕೈ ಎತ್ತಿದೆ. ಎತ್ತಿದ್ದು ಸೇವಾಭಾವದಿಂದ ಅಲ್ಲ.

ನನ್ನನ್ನು ದಪ್ಪ ಎನ್ನುವುದು ತಪ್ಪು. ಮೂವರು ಕೂಡುವ ಬೆಂಚಿನಲ್ಲಿ ನಾನಿದ್ದರೆ ಇಬ್ಬರು ಕೂಡುತ್ತಾರೆ, ಅಷ್ಟೇ. ಆದರೂ ಎಂಟನೆಯ ತರಗತಿಯಿಂದ ನಾನು ಯಾವ ತೂಕದ ಯಂತ್ರದ ಮೇಲೂ ಕಾಲಿಟ್ಟಿರಲಿಲ್ಲ. ಈಗ ಇಡೀ ಶಾಲೆಯ ಮುಂದೆ ಇಡಬೇಕಾದ ಗಂಡಾಂತರ ಬಂದಿತ್ತು. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ಚೀಲ ತೂಗುವುದು ನಮ್ಮಪ್ಪನ ಕೆಲಸ. ರಜೆಯಲ್ಲಿ ನಾನೂ ಹೋಗುತ್ತೇನೆ. ಅಲ್ಲಿ ಒಂದು ಸಂಗತಿ ಕಲಿತಿದ್ದೆ: ತೂಗುವವನನ್ನು ಯಾರೂ ತೂಗುವುದಿಲ್ಲ. ಇಷ್ಟು ವರ್ಷದಲ್ಲಿ ಅಪ್ಪನನ್ನು ಎತ್ತಿ ಕಾಟಾದ ಮೇಲೆ ಕೂಡಿಸಿದ ವ್ಯಾಪಾರಿ ಒಬ್ಬನೂ ಇಲ್ಲ. ಆದ್ದರಿಂದ ಕಾಟಾದ ಹಿಂದೆ ನಿಂತುಬಿಟ್ಟರೆ ನಾನು ಬಚಾವು.

ಕೆಲಸ ಮಾತ್ರ ಶಾಸ್ತ್ರೋಕ್ತವಾಗಿ ಮಾಡಿದೆ. ನಮ್ಮ ಪಡಸಾಲೆಯ ಫರಸಿಗಲ್ಲು ಒಂದೊಂದು ಒಂದೊಂದು ದಿಕ್ಕಿಗೆ ಓರೆ. ಯಂತ್ರ ಇಟ್ಟಲ್ಲೆಲ್ಲ ಅಲುಗಾಡುತ್ತಿತ್ತು. ಸರ್ ಅದನ್ನು ಕೇರಂ ಬೋರ್ಡಿನ ಮೇಲೆ ಇಡಿಸಿದರು. ಮೊದಲ ಹತ್ತಾರು ಮಕ್ಕಳು ಹತ್ತಿ ಇಳಿದರು, ಎಲ್ಲರೂ ಹಗುರ. ಒಂಬತ್ತನೆಯ ತರಗತಿಯ ಒಬ್ಬ ಕುಸ್ತಿ ಹುಡುಗನ ತೂಕ ಎಳೆಗರುವಿನಷ್ಟೇ ಬಂದಾಗ ನನಗೆ ಸಂಶಯ ಬಂತು. ಮರುದಿನ ಅಪ್ಪನ ಬಳಿಯಿಂದ ಮುದ್ರೆ ಹೊಡೆದ ಇಪ್ಪತ್ತು ಕಿಲೋದ ಕಬ್ಬಿಣದ ತೂಕವನ್ನೇ ಹೊತ್ತು ತಂದೆ. ಬಸ್ಸಿನಲ್ಲಿ ನನಗೆ ಜಾಗ ಸಿಗಲಿಲ್ಲ, ತೂಕಕ್ಕೆ ಸಿಕ್ಕಿತು. ಕೇರಂ ಬೋರ್ಡಿನ ಮೇಲೆ ಇಟ್ಟು ನೋಡಿದರೆ ಯಂತ್ರ ಇಪ್ಪತ್ತನ್ನು ಇಪ್ಪತ್ತು ಎನ್ನಲಿಲ್ಲ. ಹಲಗೆ ಬಗ್ಗಿ ಒಂದಿಷ್ಟು ಭಾರವನ್ನು ತಾನೇ ನುಂಗುತ್ತಿತ್ತು. ಕೊನೆಗೆ ಬಿಸಿಯೂಟದ ಕೋಣೆಯಿಂದ ಕಡಪಾ ಕಲ್ಲು ತಂದು, ಕೆಳಗೆ ಉಸುಕು ಹಾಸಿ, ಸಮ ಮಾಡಿ ಇಟ್ಟೆವು. ಮೊದಲಿನವರನ್ನು ಮತ್ತೆ ತೂಗಿದೆವು. ಪ್ರತಿ ತರಗತಿ ಮುಗಿದಾಗಲೂ ಕಬ್ಬಿಣದ ತೂಕ ಇಟ್ಟು ಯಂತ್ರದ ಪ್ರಾಮಾಣಿಕತೆ ಪರೀಕ್ಷಿಸಿದೆ.

ಕ್ರಮ ಹೀಗಿತ್ತು. ಶೂ ಬಿಚ್ಚು, ಕಿಸೆ ಖಾಲಿ ಮಾಡು. ಕಿಸೆಗಳಿಂದ ಗೋಲಿ, ಹುಣಸೆ ಬೋಟು, ಒಮ್ಮೆ ಒಂದು ಜೀವಂತ ಹುಳ ಹೊರಬಿದ್ದವು. ಯಂತ್ರದ ನಡುವೆ ನಿಲ್ಲು, ನೇರ ಮುಂದೆ ನೋಡು, ಕೆಳಗೆ ಬಗ್ಗಿದರೆ ಅಂಕಿ ಓಡಾಡುತ್ತದೆ. ಅಂಕಿ ನಿಂತ ಮೇಲೆ ನಾನು ಓದಬೇಕು. ನಮ್ಮ ತರಗತಿಯ ಮೊದಲನೆಯ ನಂಬರಿನ ಹುಡುಗಿ ಅದನ್ನು ಮರಳಿ ಹೇಳಿ ಸರ್ ಅವರ ಮೊಬೈಲಿನಲ್ಲಿ ಬರೆಯಬೇಕು. ತಪ್ಪಾಗಬಾರದೆಂದು ಜೋರಾಗಿ ಹೇಳಿ ಎಂಬುದು ಸರ್ ಅಪ್ಪಣೆ. ಜೋರು ಎಂದರೆ ನನಗೆ ಗೊತ್ತಿದ್ದದ್ದು ಮಾರುಕಟ್ಟೆಯ ಜೋರು. ಅಲ್ಲಿ ಎಣಿಕೆಯಲ್ಲಿ ಒಂದು ಎನ್ನುವುದಿಲ್ಲ, ಲಾಭ ಎಂದು ಶುರುಮಾಡಿ ರಾಗವಾಗಿ ಕೂಗುತ್ತಾರೆ. ನಾನೂ ಹಾಗೇ ಕೂಗಿದೆ. ಒಂದೊಂದು ತೂಕಕ್ಕೂ ಸಾಲು ಬಿದ್ದು ಬಿದ್ದು ನಕ್ಕಿತು. ಮುಖ್ಯೋಪಾಧ್ಯಾಯರು ಕಿಟಕಿಯಿಂದ ಇಣುಕಿ ನೋಡಿದರು. ಅಂದು ನನ್ನ ಧ್ವನಿ ದೇಶಪಾಂಡೆ ನಗರದವರೆಗೂ ಕೇಳಿಸಿತಂತೆ. ಹಾಗೆಂದು ಎಲ್ಲರಿಗೂ ಹೇಳಿದವನು ನಾನೇ.

ಸಂಜೆಯ ಹೊತ್ತಿಗೆ ಅರ್ಧ ಶಾಲೆಗೆ ಹೆಸರು ಹೋಗಿ ಅಂಕಿ ಬಂದಿತ್ತು. ನೀರಿನ ನಳದ ಹತ್ತಿರ ಐವತ್ತೆಂಟು ಇಪ್ಪತ್ತೊಂಬತ್ತನ್ನು ದೂಡಿತು, ಮೂವತ್ಮೂರು ಅಳುತ್ತ ಮನೆಗೆ ಹೋಯಿತು.

ಸಾಲಿನಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗ ಇದ್ದ. ದುಂಡಗಿದ್ದ. ತನ್ನ ಪಾಳಿ ಹತ್ತಿರ ಬಂದಂತೆ ಒಬ್ಬೊಬ್ಬರನ್ನೇ ಮುಂದೆ ಬಿಡುತ್ತ ತಾನು ಹಿಂದೆ ಹಿಂದೆ ಸರಿದ. ಕೊನೆಗೆ ಹಿಂದೆ ಯಾರೂ ಉಳಿಯಲಿಲ್ಲ. ಶೂ ಬಿಚ್ಚಿದ, ಸಾಕ್ಸು ಬಿಚ್ಚಿ ಮಡಚಿ ಒಳಗಿಟ್ಟ, ಕಲ್ಲಿನ ಮುಂದೆ ಬಂದು ನಿಂತ. ತೂಗಿಸಿಕೊಂಡು ನಿಂತವರಲ್ಲಿ ಯಾರೋ ಕಾಟಾ ಮುರಿದೀತು ಎಂದರು. ನಾನು ರಾಗ ಸರಿಮಾಡಿಕೊಳ್ಳುತ್ತಿದ್ದೆ. ಅವನು ತಿರುಗಿ ಓಡಿದ. ಪಡಸಾಲೆ, ಅಂಗಳ, ಗೇಟು, ರಸ್ತೆ. ಅಂಥ ಓಟವನ್ನು ನಮ್ಮ ಕ್ರೀಡಾಕೂಟದಲ್ಲಿ ನಾನು ನೋಡಿಲ್ಲ. ಶೂ ನನ್ನ ಪಕ್ಕದಲ್ಲೇ ಉಳಿದವು. ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಇಲ್ಲ.

ಎಲ್ಲ ಮುಗಿಯಿತೆಂದು ಸರ್ ಮೊಬೈಲಿನಲ್ಲಿ ಕಳಿಸುವ ಗುಂಡಿ ಒತ್ತಿದರು. ಅದು ಹೋಗಲಿಲ್ಲ. ಬಾಕಿ ಇಬ್ಬರು ಎಂದು ತೋರಿಸಿತು. ಒಬ್ಬ ಓಡಿಹೋದವನು, ಇನ್ನೊಬ್ಬ ನಾನು.

ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಆದಷ್ಟು ಅಡ್ಡ ನಿಂತೆ.

ಅಂದಿನಿಂದ ನನ್ನ ವನವಾಸ. ಮನೆಯಲ್ಲಿ ತೂಗಿಕೊಂಡು ಬರುತ್ತೇನೆ ಎಂದೆ, ಶಾಲೆಯ ಯಂತ್ರದ್ದೇ ಬೇಕೆಂದರು. ಕಾಲು ಉಳುಕಿದೆ ಎಂದೆ, ಯಾವ ಕಾಲು ಎಂದು ಎರಡು ಸಲ ಕೇಳಿದರು, ಎರಡು ಸಲ ಬೇರೆ ಬೇರೆ ಹೇಳಿದೆ. ಯಂತ್ರದ ಸೆಲ್ಲುಗಳನ್ನು ಬಿಚ್ಚಿ ಕಂಪಾಸಿನಲ್ಲಿಟ್ಟುಕೊಂಡೆ. ಸರ್ ಒಂದು ಸೆಲ್ಲನ್ನು ಶಿಕ್ಷಕರ ಕೋಣೆಯ ಗಡಿಯಾರದಿಂದಲೂ ಇನ್ನೊಂದನ್ನು ಪಡಸಾಲೆಯ ಗಡಿಯಾರದಿಂದಲೂ ಕಿತ್ತುಕೊಂಡರು. ಆ ಪಡಸಾಲೆಯ ಗಡಿಯಾರವನ್ನು ನೋಡಿಯೇ ನಮ್ಮ ಸಿಪಾಯಿ ಗಂಟೆ ಹೊಡೆಯುವುದು. ಗಡಿಯಾರ ನಿಂತಾಗ ನಮಗೆ ಗಣಿತದ ಪಿರಿಯಡ್ ನಡೆದಿತ್ತು. ಅದು ಮುಗಿಯಲೇ ಇಲ್ಲ. ಹಲಗೆ ತುಂಬಿತು, ಅಳಿಸಿದರು, ಮತ್ತೆ ತುಂಬಿತು. ಗಣಿತದ ಮೇಡಂಗೇ ಗಣಿತ ಬೇಸರವಾಯಿತು. ನನ್ನ ಕಂಪಾಸಿನಲ್ಲಿ ಎರಡು ಸೆಲ್ಲುಗಳು ಬೆಚ್ಚಗೆ ಕುಳಿತಿದ್ದವು, ತೆಗೆದು ಕೊಡುವಂತೆಯೂ ಇರಲಿಲ್ಲ.

ಮುಖ್ಯೋಪಾಧ್ಯಾಯರಿಗೆ ಮೇಲಿನ ಕಚೇರಿಯಿಂದ ಫೋನುಗಳು ಬರತೊಡಗಿದವು. ಅವರು ಸರ್‌ಗೆ ಅಂದರು, ಸರ್ ನಮಗೆ ಅಂದರು: ಇಬ್ಬರ ತೂಕ ಆಗುವವರೆಗೆ ಯಾವ ತರಗತಿಗೂ ಆಟದ ಪಿರಿಯಡ್ ಇಲ್ಲ. ಈಗ ಇಡೀ ಶಾಲೆ ನನ್ನ ಶತ್ರು. ನಳಕ್ಕೆ ಹೋದರೆ ದಾರಿ ಬಿಡುವುದಿಲ್ಲ, ಬೆಂಚಿಗೆ ಬಂದರೆ ಜಾಗ ಬಿಡುವುದಿಲ್ಲ. ಐದನೆಯ ತರಗತಿಯ ಒಂದು ಚೋಟು ಹುಡುಗಿ ಬಂದು, ಅಣ್ಣಾ ನೀನು ಯಾವಾಗ ಏರುತ್ತೀ, ನಮ್ಮ ಲಗೋರಿ ಅರ್ಧಕ್ಕೆ ನಿಂತಿದೆ ಎಂದಳು. ಕಾಟಾದ ಹಿಂದೆ ಅಡಗಿಕೊಳ್ಳಲು ಬಂದವನು ಕಾಟಾದ ಹಿಂದೆಯೇ ಸಿಕ್ಕಿಬಿದ್ದಿದ್ದೆ.

ಮೊದಲು ಆ ಏಳನೆಯ ತರಗತಿಯವನನ್ನು ಕರೆದು ತಾ ಎಂದು ಸರ್ ನನ್ನನ್ನೇ ಕಳಿಸಿದರು. ಶೂ ಹಿಡಿದುಕೊಂಡು ಹೋದೆ. ಶಾಲೆಯ ಹಿಂದಿನ ಓಣಿಯಲ್ಲಿ ಮನೆ. ಬಾಗಿಲಲ್ಲಿ ಅವನ ಅಜ್ಜಿ ಮೆಂತ್ಯ ಸೋಸುತ್ತ ಕುಳಿತಿದ್ದಳು. ನನ್ನ ಕೈಯಲ್ಲಿದ್ದ ಶೂ ನೋಡಿದಳು.

"ತೂಗೂ ಹುಡುಗ ನೀನ ಏನಪಾ?"

ಅಲ್ಲ ಎನ್ನುವ ವಿಚಾರವಿತ್ತು, ಶೂ ಬಿಡಲಿಲ್ಲ. ಹೌದೆಂದೆ.

"ನಮ್ಮ ಹುಡುಗ ಏನ್ ಹೋರಿ ಐತೇನೋ ತಮ್ಮಾ? ದನದ ಸಂತ್ಯಾಗ ಸುದ್ದಾ ಹಿಂಗ ಒದರಂಗಿಲ್ಲ. ಅಲ್ಲೆ ಎತ್ತಿಗೂ ಒಂದ್ ಮರ್ಯಾದಿ ಐತಿ. ವಲ್ಲಿ ಬುಡಕ ಬೆರಳ ಹಿಡದು ಮಾತಾಡ್ತಾರ, ಬಾಜೂಕ ನಿಂತಾವಗ ಗೊತ್ತಾಗಂಗಿಲ್ಲ. ನೀವು ಸಾಲ್ಯಾಗ ಕಲ್ತೀರಿ, ನಿಮಗ ಅಷ್ಟೂ ಬ್ಯಾಡಾ?"

ಬೈಗುಳ ಇನ್ನೂ ಇತ್ತು. ಎಲ್ಲ ಬರೆದರೆ ಈ ಬರಹ ಮುಗಿಯುವುದಿಲ್ಲ. ಆಮೇಲೆ ಅವಳೇ ಒಳಗೆ ಹೋಗು ಎಂದಳು, ಒಂದು ಶೇಂಗಾ ಹೋಳಿಗೆಯನ್ನೂ ಕೈಗೆ ಕೊಟ್ಟಳು. ಆದೇಶಕ್ಕೆ ವಿರುದ್ಧವಾದದ್ದು ಎಂದು ಗೊತ್ತಿದ್ದೂ ತಿಂದೆ.

ಹುಡುಗ ಒಳಗೆ ಮಂಚದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಬಟ್ಟೆ ತುಂಬಿದ ಕೈಚೀಲ. ಗದಗಿನಲ್ಲಿ ಸೋದರಮಾವನ ಮನೆ ಇದೆ, ಅಲ್ಲಿಯ ಶಾಲೆಗೆ ಸೇರುತ್ತೇನೆ, ಅಪ್ಪ ರವಿವಾರ ಬಿಟ್ಟು ಬರುತ್ತಾನೆ ಎಂದ. ಗದಗಿನಲ್ಲೂ ಸರ್ಕಾರ ಇದೆ, ಅಲ್ಲಿಯೂ ತೂಗುತ್ತಾರೆ ಎಂದೆ. ಅವನು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಲ್ಲೆ ನೀ ಇರಂಗಿಲ್ಲಲ್ಲ," ಎಂದ.

ಉಳಿದ ಹೋಳಿಗೆಯನ್ನೆಲ್ಲ ಒಮ್ಮೆಗೇ ಬಾಯಿಗೆ ತುರುಕಿಕೊಂಡೆ.

ಆಮೇಲೆ ಅವನೇ ಕೇಳಿದ. "ಅಣ್ಣಾ, ನಿಂದು ಎಷ್ಟೈತಿ?"

"ನಂದು ಇನ್ನೂ ಆಗಿಲ್ಲ."

"ಯಾಕ?"

ತೂಗುವವನನ್ನು ತೂಗುವುದಿಲ್ಲ ಎಂಬ ನನ್ನ ಸಿದ್ಧಾಂತವನ್ನು ವಿವರಿಸಲು ಹೊರಟೆ. ಅವನ ಮುಖ ನೋಡಿ ನಿಲ್ಲಿಸಿದೆ. ಅವನಿಗೆ ಎಲ್ಲ ತಿಳಿದುಹೋಗಿತ್ತು. ಸಾಲಿನಲ್ಲಿ ಹಿಂದೆ ಹಿಂದೆ ಸರಿದವನು ಅವನೊಬ್ಬನೇ ಅಲ್ಲ, ನಾನು ಸರಿದು ಸರಿದು ಕಾಟಾದ ಆಚೆಗೇ ಹೋಗಿದ್ದೆ ಎಂಬುದು.

"ಹಂಗಾರ ನೀ ಮೊದಲ ಏರು," ಎಂದ. "ನಿಂದು ನಾ ಓದ್ತೇನಿ. ಆಮ್ಯಾಲ ನಾ ಏರ್ತೇನಿ. ಇಲ್ಲಂದ್ರ ಗದಗ."

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಾನು ಏರದಿದ್ದರೆ ಅವನು ಬರುವುದಿಲ್ಲ, ರವಿವಾರ ಗದಗಿಗೆ ಹೋಗುತ್ತಾನೆ. ನಾನು ಏರಿದರೆ ಅವನು ಓದುತ್ತಾನೆ, ಜೋರಾಗಿ ಓದುತ್ತಾನೆ, ಓದಲೇಬೇಕು, ನಾನಾಗಿದ್ದರೂ ಓದುತ್ತಿದ್ದೆ. ಆಗ ನಾನು ಎಲ್ಲಿಗೆ ಹೋಗಲಿ? ನನಗೆ ಗದಗಿನಲ್ಲಿ ಯಾರೂ ಇಲ್ಲ. ಸಂಜೆ ಮಾರುಕಟ್ಟೆಗೆ ಹೋಗಿ ಅಪ್ಪನ ಪಕ್ಕ ಚೀಲದ ಮೇಲೆ ಕುಳಿತೆ. ಅಪ್ಪ ತೂಗುತ್ತಿದ್ದ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಪೂರ್ತಿ ನನ್ನದೇ. ಅಜ್ಜಿ ಬೈದಿದ್ದಳು, ಅಷ್ಟೇ.

ದನದ ಸಂತೆಯ ಪದ್ಧತಿ ನೋಡದವರಿಗಾಗಿ ಹೇಳುತ್ತೇನೆ. ಕೊಳ್ಳುವವನೂ ದಲಾಲನೂ ಕೈ ಕೈ ಹಿಡಿದು ಮೇಲೆ ವಲ್ಲಿ ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು, ಅದಕ್ಕಿಂತ ಹೆಚ್ಚಾದರೆ ಅಂಗೈ ಹಿಡಿದು ಬಿಟ್ಟು ಮತ್ತೆ ಉಳಿದ ಬೆರಳು. ಮೊದಲು ಹತ್ತು, ಆಮೇಲೆ ಬಿಡಿ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಆ ಇಬ್ಬರಿಗೆ ಮಾತ್ರ ಗೊತ್ತು.

ಮರುದಿನ ಅಪ್ಪನ ಒಗೆದ ವಲ್ಲಿ ತಂದು ಬರೆಯುವ ಹುಡುಗಿಗೆ ಇದನ್ನೆಲ್ಲ ವಿವರಿಸಿ ಕೈ ಚಾಚಿದೆ. ಅವಳು ನನ್ನ ಕೈಯನ್ನೂ ನೋಡಿದಳು, ವಲ್ಲಿಯನ್ನೂ ನೋಡಿದಳು. ವಲ್ಲಿಯನ್ನು ಸ್ವಲ್ಪ ಗೌರವದಿಂದ ನೋಡಿದಳು. ಹುಡುಗ ಹುಡುಗಿ ಶಾಲೆಯ ಪಡಸಾಲೆಯಲ್ಲಿ ವಲ್ಲಿ ಮುಚ್ಚಿ ಕೈ ಹಿಡಿದುಕೊಂಡರೆ ಯಾವ ಆದೇಶ ಬರುತ್ತದೆ ಎಂಬುದು ನನಗೆ ಆಗಷ್ಟೇ ಹೊಳೆಯಿತು. ಸರ್ ಬಳಿ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಸೀಟಿಯನ್ನು ಕೊರಳಿನಿಂದ ತೆಗೆದು ಕಿಸೆಯಲ್ಲಿಟ್ಟರು.

"ನಮ್ಮಪ್ಪ ಎತ್ತು ಮಾರೂ ಮುಂದ ನಾ ಬಾಜೂಕ ನಿಂತಿದ್ದೆ," ಎಂದರು. "ಎಷ್ಟಕ್ಕ ಕೊಟ್ಟಾ ಅಂತ ಇವತ್ತಿಗೂ ನಂಗ ಗೊತ್ತಿಲ್ಲ. ಹಿಡಿ ನೋಡೂಣು."

ಸರ್ ಕೈ ಕಾಯಿ ಹೆರೆಯುವ ಈಳಿಗೆಯ ಹಾಗೆ ಒರಟು. ನಾಲ್ಕೈದು ಸಲ ತಪ್ಪಿತು. ನಾನು ನಲವತ್ತೆರಡು ಹಿಡಿದರೆ ಅವರು ಇಪ್ಪತ್ನಾಲ್ಕು ಎಂದರು. ಹತ್ತು ಯಾವುದು, ಬಿಡಿ ಯಾವುದು ಎಂಬುದರಲ್ಲಿ ಗೊಂದಲ. ಹತ್ತು ಹಿಡಿಯುವ ಮೊದಲು ಮಣಿಕಟ್ಟನ್ನು ಒಮ್ಮೆ ಒತ್ತಬೇಕು ಎಂದು ಗೊತ್ತುಮಾಡಿಕೊಂಡೆವು. ಪಾಯಿಂಟಿನ ನಂತರದ ಅಂಕಿಗೆ ಮೂರನೆಯ ಹಿಡಿತ. ಆಮೇಲೆ ಒಂದೂ ತಪ್ಪಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಾಡೋಣ ಎಂದಿದ್ದರು ಸರ್. ಶಾಲೆ ಬಿಟ್ಟಿತು, ಯಾರೂ ಮನೆಗೆ ಹೋಗಲಿಲ್ಲ. ಪಡಸಾಲೆ, ಮೆಟ್ಟಿಲು, ಕಿಟಕಿಯ ಸರಳು, ಎಲ್ಲೆಲ್ಲೂ ತಲೆಗಳು. ಅಜ್ಜಿ ಹುಡುಗನನ್ನು ಗೇಟಿನ ತನಕ ಬಿಟ್ಟು ಅಲ್ಲೇ ನಿಂತಳು. ಅವನಿಗೆ ಬೆರಳಿನ ಲೆಕ್ಕವನ್ನು ಹೇಳಿಕೊಟ್ಟೆ, ಮೊದಲೇ ಗೊತ್ತಿತ್ತು, ಅಜ್ಜಿ ಕಲಿಸಿದ್ದಳು.

ಶೂ ಬಿಚ್ಚಿದೆ. ಕಿಸೆ ಖಾಲಿ ಮಾಡಿದೆ, ಕಂಪಾಸಿನಿಂದ ಕಿಸೆಗೆ ಬಂದಿದ್ದ ಎರಡು ಸೆಲ್ಲು ಹೊರಬಂದವು. ಸರ್ ನೋಡಿದರು, ಎತ್ತಿ ತಮ್ಮ ಕಿಸೆಗೆ ಹಾಕಿಕೊಂಡರು. ಕಾಟಾ ಏರಿದೆ.

ಏರಿ ನಿಂತವನಿಗೆ ಏನನ್ನಿಸುತ್ತದೆ ಎಂಬುದು ಅಷ್ಟು ಜನರನ್ನು ತೂಗಿದರೂ ನನಗೆ ತಿಳಿದಿರಲಿಲ್ಲ. ಕೆಳಗೆ ನೋಡುವಂತಿಲ್ಲ, ಅಲುಗಾಡುವಂತಿಲ್ಲ, ಅಂಕಿ ನಿಲ್ಲುವವರೆಗೆ ಇಳಿಯುವಂತಿಲ್ಲ. ಎದುರಿಗೆ ಗೋಡೆ. ಸುತ್ತ ಇಡೀ ಶಾಲೆ ಉಸಿರು ಹಿಡಿದಿದೆ. ಆ ಎರಡು ಅಡಿ ಜಾಗದಲ್ಲಿ ಅಡಗಿಕೊಳ್ಳಲು ನನಗೆ ನಾನೇ ಅಡ್ಡ. ಉಸಿರು ಒಳಗೆಳೆದರೆ ತೂಕ ಕಡಿಮೆಯಾಗುವುದಿಲ್ಲ ಎಂದು ನಾನೇ ಎಷ್ಟು ಮಕ್ಕಳಿಗೆ ಗದರಿಸಿದ್ದೆ. ನಾನೂ ಎಳೆದುಕೊಂಡೆ.

ಹುಡುಗ ಬಗ್ಗಿ ಓದಿದ. ತಲೆ ಎತ್ತಿ ನನ್ನ ಮುಖ ನೋಡಿದ. ಅವನ ಬಾಯಿ ಅಗಲವಾಯಿತು. ಹಿಂದಿನಿಂದ ಯಾರೋ, ಒದರಲೇ ಒದರು ಎಂದರು. ಮತ್ತೊಬ್ಬ ನನ್ನದೇ ರಾಗದಲ್ಲಿ ಲಾಭ ಎಂದು ಎತ್ತಿಕೊಟ್ಟ. ಹುಡುಗ ಬಾಯಿ ತೆರೆದ. ಮತ್ತೆ ಮುಚ್ಚಿದ. ಸರ್ ಹತ್ತಿರ ಹೋಗಿ ಅವರ ಕೈಮೇಲಿನ ವಲ್ಲಿಯ ಕೆಳಗೆ ಕೈ ಹಾಕಿದ.

ವಲ್ಲಿ ಒಮ್ಮೆ ಜಿಗಿಯಿತು. ಮತ್ತೊಮ್ಮೆ ಜಿಗಿಯಿತು. ಸರ್ ಹುಬ್ಬು ಏರಿದವು.

"ಇವು ಹತ್ತೇನೋ?"

"ಹೌದ್ರಿ ಸರ್."

"ಖರೇ?"

"ಖರೇ ರೀ. ಇನ್ನೊಮ್ಮೆ ಹಿಡೀಲೇನ್ರಿ?"

ಬೇಡ ಎಂದು ನಾನು ಕಾಟಾದ ಮೇಲಿನಿಂದಲೇ ಹೇಳಿದೆ. ಶಾಲೆ ನಕ್ಕಿತು, ಆದರೆ ಯಾವ ಅಂಕಿಗೆ ನಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸರ್ ಮೊಬೈಲನ್ನು ಎದೆಗೆ ಹತ್ತಿರ ಹಿಡಿದು ತಾವೇ ಒತ್ತಿದರು.

ಆಮೇಲೆ ಹುಡುಗ ಏರಿದ. ನೇರ ಮುಂದೆ ನೋಡಿದ, ಯಾರೂ ಹೇಳಬೇಕಾಗಲಿಲ್ಲ. ನಾನು ಓದಿದೆ. ಎಲ್ಲವನ್ನೂ ಹಿಗ್ಗಿಸಿ ಹೇಳುವವನು ನಾನು, ಆದರೆ ಆ ಅಂಕಿಯನ್ನು ಹಿಗ್ಗಿಸಿಯೂ ಹೇಳಲಾರೆ, ತಗ್ಗಿಸಿಯೂ ಹೇಳಲಾರೆ. ವಲ್ಲಿಯ ಕೆಳಗೆ ಹಿಡಿದೆ, ಬಿಟ್ಟೆ.

ಕೆಂಪು ಬಂದವರು ಇನ್ನು ಮುಂದೆ ಬೇರೆ ನಿಲ್ಲಬೇಕೇ ಎಂದು ಹುಡುಗ ಇಳಿಯುತ್ತ ಕೇಳಿದ. ಸರ್ ಮೊಬೈಲನ್ನು ಕಿಸೆಗೆ ಹಾಕಿದರು. ಸೋಮವಾರದಿಂದ ಪ್ರಾರ್ಥನೆಗೆ ಮೊದಲು ಎಲ್ಲರೂ ಓಡುವುದು, ಯಾವ ಬಣ್ಣದವರಾದರೂ ಸರಿ, ನಾನೂ ಓಡುತ್ತೇನೆ ಎಂದರು. ಇಡೀ ಪಡಸಾಲೆ ನರಳಿತು. ಹುಡುಗ ಶೂ ಹಾಕಿಕೊಳ್ಳಲು ಕುಳಿತ. ಗೇಟಿನ ಹತ್ತಿರ ನಿಂತ ಅಜ್ಜಿಗೆ, ನೀನು ಹೋಗು, ನಾನು ಲಗೋರಿ ಆಡಿ ಬರುತ್ತೇನೆ ಎಂದು ಕೂಗಿದ. ಚೀಲದ ಬಟ್ಟೆ ತೆಗೆದು ಗೂಟಕ್ಕೆ ಹಾಕು ಎಂದೂ ಹೇಳಿದ.

ನಾನು ವಲ್ಲಿ ಮಡಚುತ್ತಿದ್ದೆ. ಬರೆಯುವ ಹುಡುಗಿ ಶೂ ಬಿಚ್ಚಿ ಕಾಟಾದ ಮುಂದೆ ಬಂದು ನಿಂತಳು. ಅವಳು ಕಡ್ಡಿಯ ಹಾಗಿದ್ದಾಳೆ.

"ನಂದೂ ತೂಗ್ರಿ ಸರ್."

"ನಿಂದು ಅವತ್ತ ಆಗೇತಲ್ಲವಾ," ಎಂದರು ಸರ್. "ನೀನ ಬರದಿ."

"ಬರದದ್ದು ಇರ್ಲಿ ರೀ. ಇಂವ ಒದರಿದ್ದು ಹೋಗಬೇಕು."

ಅವಳ ಹಿಂದೆ ಆಗಲೇ ಒಬ್ಬ ಶೂ ಬಿಚ್ಚುತ್ತಿದ್ದ, ಅವನ ಹಿಂದೆ ಇನ್ನೊಬ್ಬಳು. ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿತ್ತು. ಸರ್ ನನ್ನ ಕಡೆ ಕೈ ಚಾಚಿದರು. ವಲ್ಲಿಯನ್ನು ಮತ್ತೆ ಬಿಚ್ಚಿದೆ. ಮಧ್ಯಾಹ್ನ ಇಳಿಯುವವರೆಗೆ ಆ ಪಡಸಾಲೆಯಲ್ಲಿ ನನ್ನ ಧ್ವನಿ ಒಬ್ಬರಿಗೂ ಕೇಳಿಸಲಿಲ್ಲ. ನನ್ನ ಮಟ್ಟಿಗೆ ಅದು ದಾಖಲೆ.